ಅಡ್ಡೆಯ ಎರಡು ತುದಿ

ಎರಡು ತುದಿಗೂ ಬುಟ್ಟಿ ತೂಗುವ ಬಿದಿರ ಅಡ್ಡೆಯನ್ನು ಹೆಗಲ ಮೇಲೆ ಹೊರುವ ಚೂ ಗುಯಿಶಾನ್‌ನ ಅಜ್ಜ ಬೆಟ್ಟದ ಮೇಲಿನ ದಾವೊ ಪಂಥದ ಮಠಕ್ಕೆ ಗಂಟೆ ಹೊತ್ತವನು, ಅಪ್ಪ ಒಂದೇ ಚಳಿಗಾಲದಲ್ಲಿ ಅದರ ಸೂರಿನ ಹೆಂಚನ್ನೆಲ್ಲ ಹೊತ್ತವನು. ಗುಯಿಶಾನ್ ಐವತ್ತು ವರ್ಷದಿಂದ ಅಕ್ಕಿ, ಉಪ್ಪು ಹೊರುತ್ತ, ಬೆಟ್ಟವೇ ತನ್ನ ಹೆಗಲ ಮೇಲೆ ನಿಂತಿದೆ ಎಂಬಂತೆ ನಡೆಯುತ್ತಾನೆ. ಮಠದ ಪಂಡಿತರ ಲೆಕ್ಕದಲ್ಲಿ ಬೆಟ್ಟದ ಬಿಸಿಲ ಮಗ್ಗುಲು ಯಾಂಗ್, ನೆರಳ ಮಗ್ಗುಲು ಯಿನ್; ಅವನಿಗೆ ಕಣ್ಣೆದುರಿನ ಬುಟ್ಟಿ ಯಾಂಗ್, ಕಾಣದೆ ಜಗ್ಗುವ ಹಿಂದಿನದು ಯಿನ್. ಎರಡು ಮಗ್ಗುಲು ಕೂಡುವ ಕಲ್ಲಿನ ಬಳಿ ಅಡ್ಡೆಯನ್ನು ಕತ್ತಿನ ಹಿಂದೆ ಹೊರಳಿಸಿ ಹೆಗಲು ಬದಲಿಸಿದರೆ ಮುಂದಿನ ಬುಟ್ಟಿ ಹಿಂದಕ್ಕೆ ಹೋಗುತ್ತದೆ. “ನೋಡಿದ್ರಾ, ಯಾಂಗ್ ಹೋಗಿ ಯಿನ್ ಆಯ್ತು! ನೀವು ಯಿನ್ ಯಾಂಗ್ ಅಂತ ಕಾಗದದ ಮೇಲೆ ಕಪ್ಪುಬಿಳುಪು ಬಳೀತಾ ಕೂತ್ಕೊಳ್ಳಿ,” ಎಂದು ಆ ಪಂಡಿತರನ್ನು ಛೇಡಿಸುತ್ತಾನೆ. ಈ ವರ್ಷ ಮಾತ್ರ ಆ ಕಲ್ಲಿನ ಬಳಿ ಅಡ್ಡೆ ಹೊರಳುವುದಿಲ್ಲ. ಎಡ ಹೆಗಲು ಸೋತಿದೆ, ಬಲ ಹೆಗಲೊಂದೇ ಪೂರ್ತಿ ಬೆಟ್ಟ ಹತ್ತುತ್ತದೆ. ಅವನ ನಂತರ ಹೊರುವವರಿಲ್ಲ; ಅವನು ಅಡ್ಡೆ ಇಳಿಸಿದರೆ ಚೂ ಮನೆತನದ ಹೊರೆ ಅಲ್ಲಿಗೆ ಮುಗಿಯಿತು. ಇದನ್ನು ಕಂಡ ಮಠದ ಸನ್ಯಾಸಿನಿ ಮಿಯಾವೊ, “ಏ ಹಠಮಾರಿ ಮುದುಕ, ಒಂದು ಬುಟ್ಟಿ ಇತ್ಲಾಗೆ ಕೊಡೋ,” ಎಂದು ಕೈಚಾಚಿದಳು. ಅವನು ನಿಲ್ಲಲಿಲ್ಲ: “ಬಿಡವ್ವ. ಒಂದನ್ನ ನೀನು ತಗೊಂಡ್ರೆ ಇನ್ನೊಂದು ನನ್ನ ಕೆಡವಿಬಿಡುತ್ತೆ. ಇಷ್ಟು ವರ್ಷ ನನ್ನ ನಿಲ್ಲಿಸಿರೋದೇ ಇವೆರಡೂ ಸೇರಿ.”