ಚಳಿಗೆ ಕೆಮ್ಮುತ್ತಿದ್ದ ಕಾರು

1943ನೆಯ ಇಸವಿಯಲ್ಲಿ ನನ್ನ ಯಜಮಾನರು ಹುಬ್ಬಳ್ಳಿಯ ಒಬ್ಬ ಹತ್ತಿ ಸಾಹುಕಾರರ ಕಾರಿನ ಡ್ರೈವರ್ ಆಗಿದ್ದರು. ನಮ್ಮ ಮನೆ ಬೆಂಗೇರಿಯಲ್ಲಿತ್ತು. ನನ್ನ ನೌಕರಿ ಎಂದರೆ ಒಲೆ, ನೀರು, ಲಿಂಗಪೂಜೆಗೆ ಅಣಿ ಮಾಡುವುದು, ಸಂಜೆ ಕಂದೀಲು ಒರೆಸುವುದು. ಕಾರಿನ ಬಗ್ಗೆ ಬರೆಯಲು ಇವಳಿಗೇನು ಅಧಿಕಾರ ಎಂದು ಓದುವವರು ಕೇಳಬಹುದು. ಆ ಕಾರಿಗೆ ರೋಗ ತಂದವಳೂ ನಾನೇ, ರೋಗ ಪತ್ತೆ ಮಾಡಿದವಳೂ ನಾನೇ. ಅಷ್ಟೇ ಅಧಿಕಾರ.

ಅದು ಯುದ್ಧದ ಕಾಲ. ಪೆಟ್ರೋಲು ಕೂಪನ್ ಮೇಲೆ ಸಿಗುತ್ತಿತ್ತು. ಎಷ್ಟೋ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಏದುಸಿರು ಬಿಡುತ್ತ ಓಡುತ್ತಿದ್ದವು. ಒಂದು ಗ್ಯಾಲನ್ ಹೆಚ್ಚುಕಡಿಮೆಯಾದರೆ ಡ್ರೈವರನ ನಡತೆಯನ್ನೇ ಅನುಮಾನಿಸುವ ದಿನಗಳು.

ಸಾಹುಕಾರರ ಕಾರು ದಿನವೂ ಅರಳೆಯ ಗೋದಾಮಿಗೆ ಹೋಗಬೇಕಿತ್ತು. ಅಲ್ಲಿ ಹಾರುವ ಅರಳೆಯ ಎಳೆಗಳು ಕಾರ್ಬುರೇಟರಿನ ಬಾಯಿಗೆ ಸೇರುತ್ತಿದ್ದವು. ಕಾರ್ಬುರೇಟರ್ ಎಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಪಾತ್ರೆ. ಶ್ರಾವಣದಲ್ಲಿ ಒಂದು ದಿನ ಯಜಮಾನರು, “ತೆಳ್ಳನ ಜಾಳಿಗಿ ಅರಿವಿ ಒಂದು ಹೊಲದು ಕೊಡು. ಗಾಳಿ ಬರಬೇಕು, ಅರಳಿ ಬರಬಾರದು” ಎಂದರು.

ನಮ್ಮ ಮಠದ ಗದ್ದುಗೆಗೆ ಹೊದಿಸಿದ್ದ ಕಾವಿ ಬಟ್ಟೆಯ ತುಂಡೊಂದು ಪ್ರಸಾದವಾಗಿ ನನ್ನ ಬಳಿ ಇತ್ತು. ಅದನ್ನು ನಾಲ್ಕು ಪದರ ಮಾಡಿ, ಎಲೆಅಡಿಕೆ ಚೀಲದ ಹಾಗೆ ದಾರ ಪೋಣಿಸಿ ಹೊಲಿದುಕೊಟ್ಟೆ. ಬಟ್ಟೆ ತೆಳ್ಳಗಾದರೆ ಗುರುವಿನ ರಕ್ಷಣೆಯೂ ತೆಳ್ಳಗಾದೀತು ಎಂಬ ಬುದ್ಧಿ ನನ್ನದು. ಯಜಮಾನರು ನಕ್ಕರು. “ಗಾಡಿಗೂ ದೀಕ್ಷಾ ಕೊಡಿಸಿದಿ ಬಿಡು” ಎಂದು ಒಯ್ದು ಕಟ್ಟಿದರು.

ದೀಪಾವಳಿ ಮುಗಿದು ಚಳಿ ಬಿದ್ದಿತು. ಬೆಳಿಗ್ಗೆ ಕಾರಿನ ಮೂತಿಗೆ ಸಿಕ್ಕಿಸಿದ ಹ್ಯಾಂಡಲ್ ಇಪ್ಪತ್ತು, ಮೂವತ್ತು ಸಲ ತಿರುಗಿಸಿದರೂ ಇಂಜಿನ್ ಹಿಡಿಯಲೊಲ್ಲದು. ಹಿಡಿದರೆ ಗಾಡಿಯೆಲ್ಲ ನಡುಗಿ, ಕರಿ ಹೊಗೆ ಕೆಮ್ಮಿ ಮತ್ತೆ ನಿಲ್ಲುವುದು. ಗ್ಯಾಲನ್ನಿಗೆ ಹದಿನೆಂಟು ಮೈಲಿ ಓಡುತ್ತಿದ್ದದ್ದು ಹನ್ನೊಂದಕ್ಕೆ ಇಳಿಯಿತು. ಸಾಹುಕಾರರು ಒಂದು ದಿನ ಕೇಳಿಯೇಬಿಟ್ಟರು: “ಏನಪಾ, ಪೆಟ್ರೋಲ್ ಗಾಡಿ ಕುಡ್ಯಾಕತ್ತದೋ, ಗಾಡಿ ಹೊಡ್ಯಾವ ಕುಡ್ಯಾಕತ್ತಾನೋ?”

ಯಜಮಾನರು ಕಾರನ್ನು ಹುಸೇನಸಾಬ್ ಮೇಸ್ತ್ರಿಯ ಗ್ಯಾರೇಜಿಗೆ ಒಯ್ದರು. ಅವರು ವಯಸ್ಸಾದ, ಕೈ ಶುದ್ಧವಿದ್ದ ಮನುಷ್ಯ. ಬಾನೆಟ್ ಎತ್ತಿದವರೇ ಕಾವಿ ಬಟ್ಟೆ ಕಂಡು ಹಿಂದೆ ಸರಿದರು. “ಗುರುವಿನ ಅರಿವಿ. ನನ್ನ ಎಣ್ಣಿಗೈ ಹತ್ತಬಾರದು, ನೀವ ತಗೀರಿ.” ಯಜಮಾನರು ಕೈ ತೊಳೆದು, ಅದನ್ನು ಬಿಚ್ಚಿ, ಹಣೆಗೆ ಒತ್ತಿಕೊಂಡು ಕಿಸೆಯಲ್ಲಿ ಇಟ್ಟರು. ಮೇಸ್ತ್ರಿ ಒಂದೊಂದನ್ನೂ ಬಿಚ್ಚಿ ನೋಡಿದರು, ಇಂಜಿನ್ನಿನಲ್ಲಿ ಕಿಡಿ ಹಾರಿಸುವ ನಾಲ್ಕು ಪ್ಲಗ್ಗು ಮಸಿ ಹಿಡಿದಿದ್ದವು, ಅವನ್ನು ತೆಗೆದು ಹೊಸವು ಹಾಕಿದರು. ಮಧ್ಯಾಹ್ನ ಅರ್ಧ ಸುತ್ತಿಗೇ ಇಂಜಿನ್ ಹಿಡಿಯಿತು. ಗುಮಾಸ್ತರನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಳೆದು ಹಾಕಿದ ಒಂದು ಗ್ಯಾಲನ್ನಿನ ಮೇಲೆ ಧಾರವಾಡದ ರಸ್ತೆಯಲ್ಲಿ ಮೇಸ್ತ್ರಿಯೇ ಓಡಿಸಿದರು. ಸರಿಯಾಗಿ ಹದಿನೆಂಟು ಮೈಲಿ.

“ಗಾಡ್ಯಾಗ ಏನೂ ದೋಷ ಇಲ್ರಿ” ಎಂದು ಅವರು ಸಾಹುಕಾರರಿಗೆ ಹೇಳಿದರು. ಅದು ಸುಳ್ಳಲ್ಲ. ದೋಷ ಆಗ ನಮ್ಮವರ ಕಿಸೆಯಲ್ಲಿತ್ತು.

ಸಂಜೆ ಯಜಮಾನರು ಆ ಬಟ್ಟೆಯನ್ನು ಭಕ್ತಿಯಿಂದ ಮರಳಿ ಕಟ್ಟಿದರು. ವಾರದಲ್ಲಿ ಮತ್ತೆ ಹನ್ನೊಂದು ಮೈಲಿ. ಮೇಸ್ತ್ರಿಯ ಕೈಯಲ್ಲಿ ಹದಿನೆಂಟು, ಡ್ರೈವರನ ಕೈಯಲ್ಲಿ ಹನ್ನೊಂದು ಎಂದರೆ ಯಾರಾದರೂ ಏನು ತಿಳಿಯಬೇಕು? ಅಂಗಳದಲ್ಲಿ ಹಮಾಲರು, ಗುಮಾಸ್ತರು ನೋಡುತ್ತಿರುವಾಗ ಸಾಹುಕಾರರು ಕೈ ಚಾಚಿದರು. “ಕೀಲಿ ಇಲ್ಲಿಡು. ಪೊಲೀಸರ ತನಕ ಒಯ್ಯೂದಿಲ್ಲ, ಅದು ನನ್ನ ದೊಡ್ಡಸ್ತಿಕಿ.”

ಯಜಮಾನರು ಮನೆಗೆ ಬಂದವರು ಊಟಕ್ಕೆ ಏಳಲಿಲ್ಲ. “ನಾ ಒಂದು ಹನಿ ಮುಟ್ಟಿಲ್ಲ” ಎಂದರು.

“ನನಗ್ಯಾಕ ಹೇಳತೀರಿ? ನನಗ ಗೊತ್ತದ.”

“ನಿನಗ ಗೊತ್ತಿದ್ರ ಸಾಕಾತೇನು? ಊರಿಗೆ ಗೊತ್ತಾಗಬೇಕಲ್ಲ.”

ಪೆಟ್ರೋಲ್ ಕಳ್ಳನೆಂಬ ಹೆಸರು ಅವರಿಗಿಂತ ಮುಂಚೆ ಎಲ್ಲ ಬಾಗಿಲಿಗೂ ಹೋಗಿರುತ್ತಿತ್ತು. ಊರಲ್ಲಿ ಯಾರೂ ಕೆಲಸ ಕೊಡಲಿಲ್ಲ. ಮಿಲಿಟರಿಗೆ ಲಾರಿ ಡ್ರೈವರುಗಳು ಬೇಕಾಗಿದ್ದರು. ಮಿಲಿಟರಿಯವರು ಯಾವ ಊರಿನ ಮಾತೂ ಕೇಳುತ್ತಿರಲಿಲ್ಲ. ಯಜಮಾನರು ಹೆಸರು ಬರೆಸಿದರು. ಹೊರಡುವ ದಿನ, ಗ್ಯಾರೇಜಿನಿಂದ ತಂದಿಟ್ಟುಕೊಂಡಿದ್ದ ಆ ನಾಲ್ಕು ಹಳೆಯ ಪ್ಲಗ್ಗುಗಳನ್ನು ಡಬ್ಬಿಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. “ತಿಕ್ಕಿ ಇಡು. ಬಂದ ಮ್ಯಾಲೆ ನೋಡ್ತೇನಿ.”

ಅವರು ಹೋದ ಒಂಬತ್ತನೆಯ ಸಂಜೆ ಕಂದೀಲು ವಿಪರೀತ ಹೊಗೆಯಾಡಿತು. ಬತ್ತಿ ಇಳಿಸಿದರೂ ಗಾಜು ಕಪ್ಪಾಯಿತು. ಆರಿಸಿ ಬಿಚ್ಚಿ ನೋಡಿದರೆ ಬತ್ತಿಯ ಕೆಳಗಿನ ತಗಡಿನ ಸಣ್ಣ ತೂತುಗಳಲ್ಲಿ ಧೂಳು ಕಟ್ಟಿಕೊಂಡಿತ್ತು. ಸೂಜಿಯಿಂದ ಬಿಡಿಸಿ ಹಚ್ಚಿದೆ. ಉರಿ ಬೆಳ್ಳಗೆ ನಿಂತಿತು. ಹೇಗೂ ಕೈ ಮಸಿಯಾಗಿದೆ, ಪ್ಲಗ್ಗನ್ನೂ ತಿಕ್ಕೋಣ ಎಂದು ಡಬ್ಬಿ ತೆಗೆದೆ. ಬೆರಳಿಗೆ ಹತ್ತಿದ್ದು ಅದೇ ಮಸಿ. ಒಣಗಿದ, ನುಣ್ಣನೆಯ, ಕಂದೀಲಿನ ಗಾಜಿನದೇ ಕಪ್ಪು. ಕಂದೀಲಿಗೆ ಎಣ್ಣೆ ಹೆಚ್ಚಾಗಿರಲಿಲ್ಲ, ಗಾಳಿ ಕಡಿಮೆಯಾಗಿತ್ತು. ಕಾರಿನ ಗಾಳಿಯ ಬಾಯಿಗೆ ನಾಲ್ಕು ಪದರ ಕಟ್ಟಿದವಳು ನಾನು.

ಬೆಳಗಾಗುತ್ತಲೇ ಮೇಸ್ತ್ರಿಯ ಬಳಿ ಓಡಿದೆ. ನನ್ನ ಮಾತು ಕೇಳಿ ಅವರು ಅಲ್ಲಿಯೇ ಕುಕ್ಕರಿಸಿದರು. “ನಾ ನೋಡುವಾಗೆಲ್ಲಾ ಅದು ಅವರ ಕಿಸೇದಾಗಿತ್ತಲ್ಲ, ತಂಗೀ.”

ಇಬ್ಬರೂ ಸಾಹುಕಾರರ ಮನೆಗೆ ಹೋದೆವು. ಡ್ರೈವರ್ ಇಲ್ಲದೆ ಕಾರು ಶೆಡ್ಡಿನಲ್ಲೇ ನಿಂತಿತ್ತು, ಬಟ್ಟೆ ಕಟ್ಟಿದ ಹಾಗೇ ಇತ್ತು. ಮೇಸ್ತ್ರಿ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವೆತರು. ಕರಿ ಹೊಗೆ ಬಂತು, ಇಂಜಿನ್ ನಿಂತಿತು. ಆಮೇಲೆ ನಾನು ಗುರುವಿನ ಹೆಸರು ಹೇಳಿ ನನ್ನ ಕೈಯಿಂದಲೇ ಗಂಟು ಬಿಚ್ಚಿದೆ. ಎಣ್ಣೆ, ಅರಳೆ ಸೇರಿ ಅದು ಕಂಬಳಿಯಷ್ಟು ದಪ್ಪವಾಗಿತ್ತು. ಹಸಿಯಾಗಿದ್ದ ಪ್ಲಗ್ಗುಗಳನ್ನು ಮೇಸ್ತ್ರಿ ಒರೆಸಿ ಹಾಕಿದರು. ಅದೇ ಚಳಿಯಲ್ಲಿ, ಎರಡನೆಯ ಸುತ್ತಿಗೆ ಇಂಜಿನ್ ಹಿಡಿದು ಸಮನಾಗಿ ನಿಂತಿತು.

ಸಾಹುಕಾರರು ಹತ್ತಿರ ಬಂದು ಬಟ್ಟೆಯ ದಪ್ಪವನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ, “ಯವ್ವಾ, ಆ ಚೀಲಾ ನನ್ನ ಬಾಯಿಗೆ ಕಟ್ಟಿದ್ರ ಛಲೋ ಇತ್ತು” ಎಂದರು. ಅದೇ ಅಂಗಳದಲ್ಲಿ ಅದೇ ಜನರನ್ನು ಕರೆದು, ತಪ್ಪು ತಮ್ಮದೆಂದು ಹೇಳಿದರು. ಡ್ರೈವರ್ ಬಂದ ದಿನವೇ ಕೀಲಿ ಅವನ ಕೈಗೆ ಎಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೆ ಮೊದಲ ಪಾಲುದಾರಳು ನಾನೇ ಇದ್ದೆ.

ಸಾಲಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಿದ್ದೆ. ಎಲ್ಲವನ್ನೂ ನಾನೇ ಬರೆದು ಅಂಚೆಗೆ ಹಾಕಿದೆ. ಹೋಳಿ ಹುಣ್ಣಿಮೆಗೆ ಒಂದು ಕಾರ್ಡು ಬಂತು. “ಸುದ್ದಿ ಮುಟ್ಟಿತು. ಇವತ್ತು ಹೊಟ್ಟೆ ತುಂಬ ಉಂಡೆ. ನೀನು ಅಳಬೇಡ, ತೆಳ್ಳನ ಬಟ್ಟೆ ಕೇಳಿದವನು ಕೈಯಿಂದ ಮುಟ್ಟಿ ನೋಡಬೇಕಿತ್ತು. ಈಗ ದಿನಾಲೂ ಲಾರಿಯ ಗಾಳಿಬಾಯಿ ನೋಡಿಯೇ ಹ್ಯಾಂಡಲ್ ತಿರುಗಿಸುತ್ತೇನೆ.” ಮುಂದೆ ಕಾರ್ಡು ಬರಲಿಲ್ಲ. ಆಷಾಢದಲ್ಲಿ ಸರಕಾರದ ಕಾಗದ ಬಂತು.

ಆ ಕಾಗದಕ್ಕಿಂತ ಮೊದಲು ನನ್ನ ಪತ್ರ ಅವರಿಗೆ ಮುಟ್ಟಿತಲ್ಲ, ಕಳ್ಳನೆಂಬ ಹೆಸರು ಹೊತ್ತು ಅವರು ಕಣ್ಣು ಮುಚ್ಚಲಿಲ್ಲವಲ್ಲ. ದೇವರು ಅಷ್ಟು ಕೊಟ್ಟ. ಭಕ್ತಿಯಿಂದ ಕಟ್ಟಿದ್ದನ್ನು ಬಿಚ್ಚಿ ನೋಡಿದರೆ ಗುರು ಮುನಿಯುವುದಿಲ್ಲ. ಇದು ನನ್ನ ಅಡಿಗೆಮನೆಯ ನೌಕರಿ ನನಗೆ ತಡವಾಗಿ ಕಲಿಸಿದ ಪಾಠ. ಆ ಬಟ್ಟೆಯ ಹೊಲಿಗೆ ಬಿಚ್ಚಿ, ಒಗೆದು, ಕಾರ್ಡನ್ನು ಅದರಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ. ಒಂದೇ ಪದರ ಸುತ್ತಿದ್ದೇನೆ, ಗಂಟು ಹಾಕಿಲ್ಲ.