ಸೋಮಣ್ಣನ ಕಣದಲ್ಲೊಂದು ಟ್ರಸ್ಟ್ ಫಂಡ್

"ಮಾರಾಯ್ತಿ, ಕೂಡ್ಲೇ ಹೊರಟು ಬಾ. ಅನಾಹುತ ಆಗಿದೆ!"

ಬಾಳೂರಿನಿಂದ ಸೋಮಣ್ಣನ ಫೋನ್. ಸೋಮಣ್ಣ ನನ್ನ ದೊಡ್ಡಪ್ಪನ ಮಗ. ತೋಟಕ್ಕೆ ಆನೆ ನುಗ್ಗಿತೇ? ಅತ್ತಿಗೆ ಜಾರಿ ಬಿದ್ದರೇ? ಎದ್ದೆನೋ ಬಿದ್ದೆನೋ ಅಂತ ಓಡಿದೆ. ನೋಡಿದರೆ ಕಣದ ತುಂಬ ಹರವಿದ ಕಾಳುಮೆಣಸು! ಪಕ್ಕದಲ್ಲಿ ತಲೆ ಮೇಲೆ ಕೈ ಹೊತ್ತು ಕೂತ ಸೋಮಣ್ಣ.

"ಕಲ್ಸಿಬಿಟ್ರು ಕಣೇ! ಹೊಸ ಮೇಸ್ತ್ರಿ ನಂದೂ ಸಿಂಚನಾದೂ ಒಟ್ಟಿಗೇ ಹರವಿಸಿಬಿಟ್ಟಿದಾನೆ."

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಹತ್ತು ವರ್ಷದ ಹಿಂದೆ ಸೋಮಣ್ಣನ ತಂಗಿ ಗೌರಿ, ತೀರಿಕೊಳ್ಳುವ ಮೊದಲು, ವಕೀಲರಲ್ಲಿ ಪತ್ರ ಮಾಡಿಸಿದ್ದಳು. ತನ್ನ ಪಾಲಿನ ತೋಟವನ್ನು ಅಣ್ಣ ನೋಡಿಕೊಳ್ಳಬೇಕು, ಫಸಲು ಮಗಳು ಸಿಂಚನಾಗೆ. ಅವಳಿಗೆ ಹದಿನೆಂಟು ತುಂಬಿದಾಗ ತೋಟವೂ ಅವಳ ಕೈಗೆ.

ಕೊಟ್ಟವರು ಒಬ್ಬರು, ಕಾಯುವವರು ಇನ್ನೊಬ್ಬರು, ಉಣ್ಣುವವರು ಮತ್ತೊಬ್ಬರು. ಟ್ರಸ್ಟ್ ಫಂಡ್ ಅಂದರೆ ಇಷ್ಟೇ ಸ್ವಾಮಿ! ಫಂಡು ಬ್ಯಾಂಕಿನಲ್ಲೇ ಇರಬೇಕೆಂದಿಲ್ಲ, ಬಳ್ಳಿಯ ಮೇಲೂ ಇರಬಹುದು. (ನಮ್ಮ ಕಡೆ ಟ್ರಸ್ಟ್ ಅಂದರೆ ಕಲ್ಯಾಣ ಮಂಟಪ, ರಸೀದಿ ಪುಸ್ತಕ. ರೀಲ್ಸ್‌ನಲ್ಲಿ 'ಟ್ರಸ್ಟ್ ಫಂಡ್ ಬೇಬಿ' ಅಂದರೆ ಅಪ್ಪನ ದುಡ್ಡಲ್ಲಿ ಕಾರು ಓಡಿಸುವ ಸೋಮಾರಿ. ಸಿಂಚನಾಳನ್ನೂ ಗೆಳತಿಯರು ಹಾಗೇ ರೇಗಿಸುತ್ತಾರಂತೆ.)

ಹತ್ತು ವರ್ಷವೂ ಸೋಮಣ್ಣ ಅವಳ ಮೆಣಸನ್ನು ಬೇರೆಯೇ ಒಂದು ನೀಲಿ ಟಾರ್ಪಾಲಿನ ಮೇಲೆ ಒಣಗಿಸಿದ. ಮನೆಯ ಸಾರಿಗೂ ಅದರಿಂದ ಒಂದು ಕಾಳು ಮುಟ್ಟಲಿಲ್ಲ. ಈಗ? ಕಾಳಿನ ಮೇಲೆ ಹೆಸರು ಬರೆದಿರುತ್ತದೆಯೇ?

"ಹೋಗ್ಲಿ ಬಿಡಿ ಮಾವ, ಅಂದಾಜಲ್ಲಿ ಕೊಡಿ" ಅಂದಳು ಪಕ್ಕದಲ್ಲೇ ನಿಂತಿದ್ದ ಸಿಂಚನಾ.

"ಅಂದಾಜಾ? ಒಂದು ಸೇರು ಕಮ್ಮಿ ಬಿದ್ರೆ ನಿಮ್ಮಮ್ಮಂಗೆ ಏನ್ ಹೇಳ್ಲಿ? ಯಾವ್ದು ನಿಂದು ಅಂತ ಗೊತ್ತಾಗಲ್ಲ ಅಂದ್ಮೇಲೆ ಪೂರ್ತಿ ನಿಂದೇ. ತಗೊಂಡು ಹೋಗು!"

ಪೂರ್ತಿ! ಅವನ ಇಡೀ ವರ್ಷದ ಮೆಣಸು! (ಒಳಗೆ ಅತ್ತಿಗೆ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು.)

ಸಿಂಚನಾ ಒಳಗೆ ಹೋಗಿ ಅದೇ ನೀಲಿ ಟಾರ್ಪಾಲು ತಂದು ಹಾಸಿದಳು.

"ಪ್ರತಿ ವರ್ಷ ನಂದು ಇದ್ರ ತುಂಬಾ ಆಗ್ತಿತ್ತಲ್ವಾ ಮಾವ? ಅಷ್ಟೇ ಹಾಕಿ."

ಸೋಮಣ್ಣ ಕಣ್ಣೊರೆಸಿಕೊಂಡು ಮೊರ ಎತ್ತಿದ. ತುಂಬಿ ತುಂಬಿ ಸುರಿದ. ಟಾರ್ಪಾಲಿನ ಅಂಚು ದಾಟಿ ಚೆಲ್ಲುವವರೆಗೂ ನಿಲ್ಲಿಸಲಿಲ್ಲ. ಚಪ್ಪಾಳೆ ತಟ್ಟಬೇಕು ಅನ್ನಿಸಿತು, ತಟ್ಟಿಯೇಬಿಟ್ಟೆ!

ಪತ್ರವನ್ನು ಯಾವ ವಕೀಲರಾದರೂ ಬರೆದುಕೊಡುತ್ತಾರೆ. ಆದರೆ ನಾಳೆ ನೀವಿಲ್ಲದಾಗ, ನಿಮ್ಮ ಮಗಳ ಮೆಣಸು ಯಾರ ಕಣದಲ್ಲಿ ಒಣಗಬೇಕು?