ಸರದಾರನ ಬೆನ್ನಿಗೆ ಸೂಜಿ

ಮೊನ್ನೆ ಸಂಜೆ ಯಾದಗಿರಿಯ ಸ್ಟೇಶನ್ ರಸ್ತೆಯಿಂದ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೆ. ಭಜಿ ಮುಗಿದ ಮೇಲೆ ಅದರ ಕಾಗದ ಓದುವುದು ನನ್ನ ಹಳೆಯ ಚಟ. ಎಣ್ಣೆ ಹೀರಿದ ಕಾಗದದಲ್ಲಿ ಎರಡೂ ಬದಿಯ ಸುದ್ದಿ ಒಟ್ಟಿಗೆ ಕಾಣುತ್ತದೆ, ಅದೊಂದು ಲಾಭ. ಮೊನ್ನೆಯ ಕಾಗದದಲ್ಲಿ ಒಂದು ನಾಯಿಯ ಫೋಟೊ ಇತ್ತು. ಮೆತ್ತನೆಯ ಹಾಸಿಗೆಯ ಮೇಲೆ ಮಲಗಿದೆ, ಬೆನ್ನ ಮೇಲೆ ಸಾಲಾಗಿ ಕೂದಲೆಳೆಯಂಥ ಸೂಜಿಗಳು. ದೊಡ್ಡ ಊರುಗಳಲ್ಲಿ ಈಗ ನಾಯಿಗಳಿಗೂ ಅಕ್ಯುಪಂಕ್ಚರ್ ಮಾಡುತ್ತಾರೆ, ಔಷಧದ ಜೊತೆಗೆ ಪೂರಕವಾಗಿ, ಇದು ಹೊಚ್ಚ ಹೊಸದು ಎಂದು ಬರೆದಿದ್ದರು.

ನನಗೆ ನಗು ಬಂತು. ಈ ಹೊಚ್ಚ ಹೊಸದು ಶಹಾಪುರದ ಬಳಿಯ ಸಗರ ಹಳ್ಳಿಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ, ಎಷ್ಟೋ ವರ್ಷಗಳ ಹಿಂದೆ, ಕಾಲುವೆಗೆ ನೀರು ಬಂದ ಹೊಸತರಲ್ಲೇ ನಡೆದುಹೋಗಿದೆ. ಹಾಸಿಗೆಯ ಜಾಗದಲ್ಲಿ ಗೋಣಿಚೀಲ ಇತ್ತು, ಅಷ್ಟೇ.

ಆಗ ನಾನು ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಹೊಸ ನೌಕರಿ, ಹೊಸ ಮದುವೆ. ಊರಿಗೆ ನೀರು ತಂದವನು ನಾನೇ ಎಂಬಂತೆ ಎದೆಯುಬ್ಬಿಸಿ ನಡೆಯುತ್ತಿದ್ದೆ. ನಾನು ತಂದದ್ದು ಬರೀ ಫೈಲುಗಳನ್ನು. ಎಂಜಿನಿಯರ್ ಸಾಹೇಬರು ಬರದ ದಿನ ಜೀಪಿನ ಮುಂದಿನ ಸೀಟು ನನ್ನದಾಗುತ್ತಿತ್ತು. ಅಂಥ ಒಂದು ಮಧ್ಯಾಹ್ನ ಕಾಲುವೆಯ ದಂಡೆಯ ಮೇಲೆ ಕುರಿಹಿಂಡು ಅಡ್ಡ ಬಂತು. ಕುರಿಗಳು ಪಾರಾದವು. ಅವುಗಳ ಹಿಂದೆ ಬರುತ್ತಿದ್ದ ಕಾವಲು ನಾಯಿ ಜೀಪಿಗೆ ಸಿಕ್ಕಿತು. ನಾವು ನಿಲ್ಲಿಸಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಒಬ್ಬ ಕುರಿಗಾರ ಕೂತಿದ್ದ. ಮಾಳಪ್ಪ ಎಂದು ಹೆಸರು ಹೇಳಿದ. ಪಕ್ಕದಲ್ಲಿ ಕಂಬಳಿಯ ಮೇಲೆ ಆ ನಾಯಿ.

"ಇವ ಸರದಾರ ರೀ. ಹಿಂದಿನ ಕಾಲು ಎರಡೂ ಬಿದ್ದಾವ. ನಾ ನಾಳಿ ಕುರಿ ಹೊಡಕೊಂಡು ಸುರಪುರದ ಕಡಿ ಹೋಗಾಂವ. ಇವನ್ನ ಹೊತಗೊಂಡು ಹ್ಯಾಂಗ ತಿರಗಲಿ? ನಾ ತಿರಗಿ ಬರೋತನಕ ನೀವ ಇಟ್ಕೋರಿ."

"ಅದು ಆಫೀಸಿನ ಜೀಪಪ್ಪಾ," ಎಂದೆ.

"ಆಫೀಸಿನ ಮನಿ ಎಲ್ಲಿ ಅದ ಹೇಳ್ರಿ, ಅಲ್ಲೇ ಬಿಟ್ಟು ಬರ್ತೀನಿ."

ಬೈದಿದ್ದರೆ ನಾನೂ ಬೈದು ಕಳಿಸುತ್ತಿದ್ದೆ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಸರದಾರ ನಮ್ಮ ಹಿತ್ತಲಿಗೆ ಬಂದ.

ಅದೇ ಜೀಪಿನಲ್ಲಿ ಶಹಾಪುರದ ದನದ ದವಾಖಾನೆಗೆ ಒಯ್ದೆವು. ಮುಂದಿನ ಸೀಟಿನಲ್ಲಿ ಸರದಾರ, ಹಿಂದೆ ನಾನು. ಡಾಕ್ಟರು ಬೆನ್ನು ಒತ್ತಿ ನೋಡಿ, "ಎಲುಬು ಮುರದಿಲ್ಲ. ನರಕ್ಕ ಪೆಟ್ಟು ಬಿದ್ದದ, ಬಾವು ಇಳೀಬೇಕು," ಎಂದರು. ಇಂಜೆಕ್ಷನ್ ಮಾಡಿ, ಗುಳಿಗೆ ಬರೆದುಕೊಟ್ಟು, ಕಾಯಲು ಹೇಳಿದರು. ಕಾಯುವುದೇ ಕಷ್ಟ. ಮುಂಗಾಲಿನ ಮೇಲೆ ಅರ್ಧ ದೇಹ ಎಳೆದುಕೊಂಡು ನೀರಿನ ಬೋಗುಣಿಯ ತನಕ ಹೋಗುವ ನಾಯಿಯನ್ನು ದಿನವೂ ನೋಡುವುದು ನನ್ನಿಂದಾಗುತ್ತಿರಲಿಲ್ಲ.

ಪಕ್ಕದ ಮನೆಯಲ್ಲಿ ಶಾಲೆಯಲ್ಲಿ ಕಲಿಸುವ ಗೋದಾವರಿ ಅಕ್ಕೋರು ಇದ್ದರು. ಮಂಡಿನೋವೆಂದು ಬೇಸಿಗೆ ರಜೆಯಲ್ಲಿ ಹೈದರಾಬಾದಿಗೆ ಹೋದವರು, ಅಲ್ಲಿ ಸೂಜಿ ಚುಚ್ಚಿಸಿಕೊಂಡು, ಚುಚ್ಚುವುದನ್ನೂ ಕಲಿತು, ಒಂದು ಡಬ್ಬಿ ಸೂಜಿಯ ಸಮೇತ ಮರಳಿದ್ದರು. ಊರಲ್ಲಿ ಯಾರೂ ಅವರ ಸೂಜಿಗೆ ಮೈಯೊಡ್ಡಲಿಲ್ಲ. ಸಗರದ ಮಂಡಿನೋವಿನವರೆಲ್ಲ ಅವರ ಮನೆಯ ಮುಂದೆ ಮಾತ್ರ ನೆಟ್ಟಗೆ ನಡೆದು, ಮೂಲೆ ತಿರುಗಿದ ಮೇಲೆ ಕುಂಟುತ್ತಿದ್ದರು. ನಾನೂ ಸೊಂಟ ಹಿಡಿದಾಗ ಆ ಬೀದಿಗೇ ಹೋಗುತ್ತಿರಲಿಲ್ಲ.

"ತಮ್ಮಾ, ಡಾಕ್ಟರು ಗುಳಿಗಿ ಕೊಟ್ಟಾರ, ನೀ ಕೊಡು. ನಾ ಸೂಜಿ ಹಾಕ್ತೀನಿ. ಗುಳಿಗಿ, ಸೂಜಿ ಎರಡೂ ಜಗಳ ಆಡಂಗಿಲ್ಲ," ಎಂದರು ಅಕ್ಕೋರು.

ಡಾಕ್ಟರು ಬೇಡವೆನ್ನಲಿ ಎಂಬ ಆಸೆಯಿಂದಲೇ ಅವರನ್ನು ಕೇಳಿದೆ. ಅವರು ನಕ್ಕು, "ಚೀನಾದಾಗ ದನಕ್ಕೂ ಕುದುರಿಗೂ ಚುಚ್ತಾರಂತ ಓದೀನಿ. ಚುಚ್ಚಲಿ, ಆದ್ರ ಸೂಜಿ ಕುದಸ್ರಿ, ಗಾಯದ ಮ್ಯಾಲ ಚುಚ್ಚಬ್ಯಾಡ್ರಿ. ಮತ್ತ ನನ್ನ ಗುಳಿಗಿ ಬಿಟ್ರಂದ್ರ ಈ ಕಡಿ ಬರಬ್ಯಾಡ್ರಿ," ಎಂದರು.

ಶುರುವಾಯಿತು. ಅಕ್ಕೋರ ಹತ್ತಿರ ಇದ್ದದ್ದು, ಎಲ್ಲೆಲ್ಲಿ ಚುಚ್ಚಬೇಕೆಂದು ಚುಕ್ಕಿ ಇಟ್ಟ ಮನುಷ್ಯನ ಮೈಯ ನಕ್ಷೆ. ಅದನ್ನು ಗೋಡೆಗೆ ಒರಗಿಸಿ, ನಾಯಿಯ ಬೆನ್ನುಮೂಳೆಯನ್ನು ಬೆರಳಿನಿಂದ ಅಳೆಯುತ್ತ ಬರುತ್ತಿದ್ದರು. ಬಾಲದ ಹತ್ತಿರ ನಕ್ಷೆ ಮುಗಿದುಹೋಗುತ್ತಿತ್ತು. ಅಲ್ಲಿ ಸ್ವಲ್ಪ ಹೊತ್ತು ನಿಂತು, ಕನ್ನಡಕ ಸರಿಮಾಡಿಕೊಂಡು, ಸ್ವಂತ ಬುದ್ಧಿಯಿಂದ ಮುಂದುವರಿಯುತ್ತಿದ್ದರು. ಸರದಾರನ ತಲೆ ಹಿಡಿದುಕೊಳ್ಳುವುದು ನನ್ನ ಕೆಲಸ.

"ಕಚ್ಚಿದ್ರ ಹ್ಯಾಂಗ್ರೀ ಅಕ್ಕೋರ?"

"ಕಚ್ಚಿದ್ರ ನಿನಗ ದವಾಖಾನಿ ಅದ. ಗಟ್ಟಿ ಹಿಡಿ."

ಅವನು ಕಚ್ಚಲಿಲ್ಲ. ಮೊದಲ ಸೂಜಿಗೆ ಗುರ್ರೆಂದ, ಮೂರನೆಯದಕ್ಕೆ ನಿಟ್ಟುಸಿರುಬಿಟ್ಟು ಗದ್ದವನ್ನು ನನ್ನ ತೊಡೆಯ ಮೇಲಿಟ್ಟ. ಸೂಜಿಗಳು ಇರುವಷ್ಟು ಹೊತ್ತು ಹಾಗೇ ಕೂರಬೇಕು. ಎದುರಿಗೆ ಅವನ ಮುಖ. ಜೀಪಿನಲ್ಲಿ ಯಾರಿದ್ದರೆಂದು ಅವನಿಗೇನು ಗೊತ್ತು? ನನಗೆ ಗೊತ್ತಿತ್ತು. ಓದುಗ ಮಿತ್ರರೇ, ಡ್ರೈವರ್ ಅಂದು ಕುರಿಗಳನ್ನು ಕಂಡು ನಿಧಾನ ಮಾಡಿದ್ದ. ನಾನೇ ಕೈ ಹೊರಗೆ ಹಾಕಿ ಬೀಸಿ, "ಜಲ್ದಿ ಹೊಡಿ, ಜಲ್ದಿ," ಎಂದಿದ್ದೆ.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಸೂಜಿ ತಾಗಿದಾಗ ಹಿಂಗಾಲಿನ ಬೆರಳು ಮಡಚಿಕೊಂಡಿತು. ಅಕ್ಕೋರು ಮಕ್ಕಳಂತೆ ಕೂಗಿದರು. ಆಮೇಲೆ ಸರದಾರ ಎದ್ದು ನಿಂತ. ಮೊದಲ ಕೆಲಸವೆಂದು ನನ್ನ ಸೈಕಲ್ಲಿನ ಗಾಲಿಗೆ ಕಾಲೆತ್ತಲು ಹೋಗಿ ಬಿದ್ದ. ಮಾಳಪ್ಪ ಸುರಪುರದ ಕಡೆಯಿಂದ ಮರಳಿ ಬರುವಷ್ಟರಲ್ಲಿ ಸೊಂಟ ಒಂದು ಕಡೆ ವಾಲಿಸಿಕೊಂಡು ಓಡುತ್ತಿದ್ದ.

ಗುಣ ಮಾಡಿದ್ದು ಯಾರು? ಅಕ್ಕೋರು ಸೂಜಿ ಎಂದರು. ಅವರ ಮನೆಯ ಮುಂದೆ ಸಗರದ ಮಂಡಿಗಳೆಲ್ಲ ನಿರ್ಭಯವಾಗಿ ಕುಂಟತೊಡಗಿದವು. ಮಾಳಪ್ಪ, ಕೊಡೇಕಲ್ಲಿನ ದೇವರಿಗೆ ಹರಕೆ ಹೊತ್ತದ್ದರಿಂದ ಎಂದ. ಡಾಕ್ಟರು ಮಾತ್ರ, "ಗುಳಿಗಿ ಕೆಲಸ ಮಾಡಿರಬಹುದು, ಬಾವು ತಾನ ಇಳದಿರಬಹುದು, ಸೂಜಿಯಿಂದ ನೋವು ಕಡಿಮಿ ಆಗಿರಬಹುದು. ನಾಯಿ ಹೇಳಂಗಿಲ್ಲ, ನನಗ ಗೊತ್ತಿಲ್ಲ," ಎಂದರು. ಅಷ್ಟು ಓದಿದವರು ಗೊತ್ತಿಲ್ಲ ಎಂದದ್ದು ನನಗೆ ಆಗ ಅಸಮಾಧಾನ ತಂದಿತ್ತು.

ಸರದಾರನನ್ನು ಕರೆದೊಯ್ಯಲು ಎದ್ದ ಮಾಳಪ್ಪನನ್ನು ಕೇಳಿದೆ: "ಜೀಪಿನಾಗ ಡ್ರೈವರನೂ ಇದ್ದ. ನನ್ನ ಮನೀಗೇ ಯಾಕ ತಂದಿ?"

"ಗಾಡಿ ನಿಂದ್ರತಿತ್ರಿ. ನೀವು ಕೈ ಬೀಸಿದ್ರಿ. ನಾ ನೋಡೀನಿ," ಎಂದ. ಆಗಲೂ ಸಿಟ್ಟಿರಲಿಲ್ಲ. ಸರದಾರ ಒಮ್ಮೆಯೂ ತಿರುಗಿ ನೋಡದೆ ಅವನ ಹಿಂದೆ ಹೋದ.

ಈ ಕಥೆ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಪ್ರತಿಸಲ ಮಾಳಪ್ಪನ ಈ ಮಾತನ್ನು ಬಿಟ್ಟೇ ಹೇಳಿದ್ದೇನೆ. ನಿನ್ನೆ ಬಸ್ಸು ಹತ್ತಿ ಸಗರಕ್ಕೆ ಹೋದೆ. ಅಕ್ಕೋರಿಗೆ ಈಗ ತುಂಬ ವಯಸ್ಸಾಗಿದೆ, ಸೂಜಿ ಹಿಡಿಯುವುದು ಬಿಟ್ಟಿದ್ದಾರೆ. ಹೊರಗೆ ಬಿಸಿಲಿಗೆ ಕೂತಿದ್ದರು. ಮೊದಲ ಸಲ ಒಂದೂ ಬಿಡದೆ ಎಲ್ಲ ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ.

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆಮೇಲೆ, "ಅಷ್ಟು ಜಲ್ದಿ ಎಲ್ಲಿಗಿ ಹೊಂಟಿದ್ಯೋ ತಮ್ಮಾ?" ಎಂದು ಕೇಳಿದರು.

ಹೇಳಲು ಬಾಯಿ ತೆರೆದೆ. ನೆನಪಾಗಲಿಲ್ಲ. ಯಾದಗಿರಿಯ ತನಕ ಬಸ್ಸಿನಲ್ಲಿ ಯೋಚಿಸುತ್ತಲೇ ಬಂದೆ. ಇನ್ನೂ ನೆನಪಾಗಿಲ್ಲ.